ಅಟ್ಟದ ಮೆಟ್ಟಿಲಿಗೊಂದು ಕೂಸಿನ ಗೇಟು

ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಷಯವನ್ನು ಈ ಕಾರ್ಯಕ್ರಮದಲ್ಲಿ ನೀವು ಬಹಳ ಸಲ ಕೇಳಿದ್ದೀರಿ. ಇವತ್ತು ಹೊಲಗದ್ದೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮನೆಯೊಳಕ್ಕೆ ಬರೋಣ. ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ಅಟ್ಟದ ಮೆಟ್ಟಿಲಿಗೆ ಎಂಥ ಗೇಟು ಹಾಕಬೇಕು, ಅದನ್ನು ಆರಿಸುವುದು ಹೇಗೆ, ಮೆಟ್ಟಿಲು ಅಂಕುಡೊಂಕಾಗಿದ್ದರೆ ಏನು ಮಾಡಬೇಕು, ಇದೇ ಇವತ್ತಿನ ವಿಷಯ.

"ಕೃಷಿ ಇಲಾಖೆಯವರಿಗೂ ಕೂಸಿನ ಗೇಟಿಗೂ ಏನು ಸಂಬಂಧ?" ಅಂತ ನೀವು ಕೇಳಬಹುದು. ಸಂಬಂಧ ಇದೆ. ನಾಟಿ ಬಂತು, ಕಳೆ ಬಂತು, ಕೊಯ್ಲು ಬಂತು ಅಂದರೆ ಮನೆಯಲ್ಲಿ ಕೈಕಾಲು ಗಟ್ಟಿ ಇರುವವರೆಲ್ಲ ಹೊಲದಲ್ಲಿರುತ್ತಾರೆ. ಮನೆಯಲ್ಲಿ ಉಳಿಯುವವರು ಯಾರು? ಮೊಣಕಾಲು ನೋವಿನ ಅಜ್ಜಿ, ಮತ್ತು ಒಂದು ಗಳಿಗೆ ನಿಂತಲ್ಲಿ ನಿಲ್ಲದ ಮೊಮ್ಮಗು. ಒಲೆಯ ಮೇಲೆ ಹಾಲು ಉಕ್ಕುತ್ತದೆ, ಅಂಗಳದಲ್ಲಿ ಒಣಹಾಕಿದ ರಾಗಿಗೆ ಕೋಳಿ ನುಗ್ಗುತ್ತದೆ. ಅಜ್ಜಿ ಅತ್ತ ತಿರುಗಿದ ಒಂದು ನಿಮಿಷದಲ್ಲಿ ಕೂಸು ನಾಲ್ಕು ಮೆಟ್ಟಿಲು ಹತ್ತಿರುತ್ತದೆ. ಬೆಳೆ ಹಾಳಾದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಮಗುವಿನ ತಲೆಗೆ ಪೆಟ್ಟು ಬಿದ್ದರೆ ಅದಕ್ಕೆ ಮುಂದಿನ ವರ್ಷ ಅನ್ನುವುದಿಲ್ಲ.

ಮೊದಲು ಕೂಸಿನ ಸ್ವಭಾವ ನೋಡೋಣ. ಸಾಮಾನ್ಯವಾಗಿ 7ರಿಂದ 10 ತಿಂಗಳ ನಡುವೆ ಮಗು ಅಂಬೆಗಾಲಿಡಲು ಕಲಿಯುತ್ತದೆ. ಅಲ್ಲಿಂದ ಮುಂದೆ ಏನನ್ನಾದರೂ ಹಿಡಿದು ನಿಲ್ಲುತ್ತದೆ. ಸುಮಾರು ಒಂದು ವರ್ಷಕ್ಕೆ ಹೆಜ್ಜೆ ಇಡುತ್ತದೆ. ಈ ವಯಸ್ಸಿನಲ್ಲಿ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರವಾದದ್ದು. ಆದುದರಿಂದ ಬೀಳುವಾಗ ತಲೆಯೇ ಮುಂದಾಗಿ ಬೀಳುತ್ತದೆ. ಇನ್ನೊಂದು ಸಂಗತಿ. ಮೆಟ್ಟಿಲು ಹತ್ತುವುದು ಮಗುವಿಗೆ ಮೊದಲು ಬರುತ್ತದೆ, ಇಳಿಯುವುದು ತಡವಾಗಿ ಬರುತ್ತದೆ. ಹತ್ತಿದ್ದು ಮೇಲೆ ಹೋಗಿ ಹಿಂದಕ್ಕೆ ತಿರುಗಿ ಅಮ್ಮನನ್ನು ನೋಡುತ್ತದೆ ನೋಡಿ, ಅಪಾಯ ಇರುವುದು ಆಗಲೇ.

ಇನ್ನು ನಮ್ಮ ಮನೆಗಳ ಮೆಟ್ಟಿಲು. ಮಲೆನಾಡು ಕರಾವಳಿಯ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲು ಹೆಚ್ಚುಕಡಿಮೆ ಏಣಿಯಂತೆಯೇ ಇರುತ್ತದೆ. ಕಡಿದು, ಇಕ್ಕಟ್ಟು, ಒಂದು ಕಡೆ ಮಣ್ಣಿನ ಗೋಡೆ, ಇನ್ನೊಂದು ಕಡೆ ಬರೀ ಬಯಲು. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಕಲ್ಲಿನ ಮೆಟ್ಟಿಲು ಗೋಡೆಗೆ ಅಂಟಿಕೊಂಡು ನೇರ ಮಾಳಿಗೆಗೆ ಹೋಗುತ್ತದೆ, ಹಿಡಿಯಲು ಕಂಬಿ ಇರುವುದಿಲ್ಲ. ಈಗ ಕಟ್ಟಿದ ಆರ್.ಸಿ.ಸಿ. ಮನೆಗಳಲ್ಲಿ ಹಣ ಸಾಲದೆ ಮೆಟ್ಟಿಲ ಕಂಬಿಯ ಕೆಲಸ "ಮುಂದಿನ ಸುಗ್ಗಿಗೆ" ಎಂದು ನಿಂತುಬಿಟ್ಟಿರುತ್ತದೆ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲಿನ ಎತ್ತರ 19 ಸೆಂಟಿಮೀಟರಿಗಿಂತ ಹೆಚ್ಚಿರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು. ನಿಮ್ಮ ಅಟ್ಟದ ಮೆಟ್ಟಿಲನ್ನು ಒಮ್ಮೆ ಅಳೆದು ನೋಡಿ. ಎತ್ತರ ಒಂದು ಅಡಿ, ಅಗಲ ಅರ್ಧ ಪಾದ ಇರುವ ಮೆಟ್ಟಿಲುಗಳು ಎಷ್ಟೋ ಮನೆಗಳಲ್ಲಿವೆ. ದೊಡ್ಡವರೇ ಅಡ್ಡಡ್ಡ ಕಾಲಿಟ್ಟು ಇಳಿಯುವ ಮೆಟ್ಟಿಲು ಅದು.

ಒಂದು ಹಳ್ಳಿಯಲ್ಲಿ ಈ ಮಾತು ಬಂದಾಗ ಒಬ್ಬ ಅಜ್ಜಿ ಕೇಳಿದರು: "ನಾವು ಏಳು ಮಕ್ಕಳನ್ನ ಇದೇ ಮನೇಲಿ ಸಾಕಿದ್ವಿ ಸಾರ್. ಆಗ ಯಾವ ಗೇಟಿತ್ತು?"

"ಅಜ್ಜೀ, ಆಗ ಮನೇಲಿ ಎಷ್ಟು ಜನ ಇದ್ರಿ?" ಅಂದೆ.

"ಹದಿನೆಂಟು ಜನ."

"ಈಗ ಹಗಲು ಹೊತ್ತು?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು, ಈ ಕೂಸು" ಅಂದರು.

ಉತ್ತರ ಅವರ ಮಾತಿನಲ್ಲೇ ಇತ್ತು. ಹದಿನೆಂಟು ಜನರ ಮನೆಯಲ್ಲಿ ಯಾರಾದರೊಬ್ಬರ ಕೈ ಮಗುವಿನ ಮೇಲೆ ಇದ್ದೇ ಇರುತ್ತಿತ್ತು. ಆ ಕೈಗಳು ಈಗ ಇಲ್ಲ. ಗೇಟು ಅಜ್ಜಿಗೆ ಬದಲಲ್ಲ, ಅಜ್ಜಿಗೆ ಇನ್ನೊಂದು ಕೈ. ಅದೂ ಅಲ್ಲದೆ ಅಡ್ಡ ಹಾಕುವುದು ನಮಗೇನು ಹೊಸದಲ್ಲ. ತೋಟಕ್ಕೆ ದನ ನುಗ್ಗದಿರಲಿ ಎಂದು ಮಲೆನಾಡಿನವರು ಉಣುಗೋಲು ಹಾಕುತ್ತೀರಿ. ಕರುವಿಗೆ ಹಾಕುವ ಅಡ್ಡವನ್ನು ಕೂಸಿಗೂ ಹಾಕೋಣ ಅಂತಲೇ ನಾನು ಹೇಳುವುದು.

ಈಗ ಗೇಟು ಎಲ್ಲಿ ಹಾಕಬೇಕು? ಮಗು ಹಗಲೆಲ್ಲ ಕೆಳಗಿದ್ದರೆ ಮೆಟ್ಟಿಲ ಬುಡಕ್ಕೆ ಹಾಕಬೇಕು. ಮೇಲೆ ಮಲಗುವ ಮನೆ ಇದ್ದು ಮಗುವೂ ಅಲ್ಲಿ ಮಲಗುವುದಾದರೆ ಮೆಟ್ಟಿಲ ತುದಿಗೂ ಬೇಕು. ಬುಡದ ಗೇಟನ್ನು ಮೊದಲ ಮೆಟ್ಟಿಲಿಗಿಂತ ಮುಂದೆ, ನೆಲದ ಮೇಲೆಯೇ ನಿಲ್ಲಿಸಿ. ತುದಿಯ ಗೇಟನ್ನು ಕೊನೆಯ ಮೆಟ್ಟಿಲ ಅಂಚಿಗೆ ನಿಲ್ಲಿಸಬೇಡಿ, ಸ್ವಲ್ಪ ಹಿಂದಕ್ಕೆ, ಸಮನೆಲದ ಮೇಲೆ ನಿಲ್ಲಿಸಿ. ಅದು ಎಂದೆಂದಿಗೂ ಒಳಕ್ಕೆ, ಅಂದರೆ ಕೋಣೆಯ ಕಡೆಗೇ ತೆರೆಯಬೇಕು. ಮೆಟ್ಟಿಲಿನ ಮೇಲಕ್ಕೆ ತೆರೆಯುವ ಗೇಟು ಕೆಟ್ಟದ್ದು. ಯಾಕೆ ಅಂತೀರೋ? ಚಿಲಕ ಸರಿಯಾಗಿ ಬೀಳದೆ ಇದ್ದ ದಿನ ಮಗು ಅದಕ್ಕೆ ಒರಗಿದರೆ ಗೇಟು ಮಗುವನ್ನೂ ಕರೆದುಕೊಂಡು ಮೆಟ್ಟಿಲ ಮೇಲಕ್ಕೆ ಬೀಸುತ್ತದೆ. ಮಗುವನ್ನು ಎತ್ತಿಕೊಂಡ ತಾಯಿ ಕೂಡ ಅದನ್ನು ತೆರೆಯಲು ಮೆಟ್ಟಿಲಿನ ಮೇಲೆ ಬಗ್ಗಬೇಕಾಗುತ್ತದೆ.

ಪೇಟೆಯಲ್ಲಿ ಸಿಗುವ ಗೇಟುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು, ಒತ್ತಿ ನಿಲ್ಲಿಸುವ ಗೇಟು. ನಾಲ್ಕು ಮೂಲೆಯಲ್ಲಿ ರಬ್ಬರಿನ ಬಿಲ್ಲೆ ಇರುವ ತಿರುಪುಗಳಿರುತ್ತವೆ. ಎರಡು ಗೋಡೆಗಳ ನಡುವೆ ಇಟ್ಟು ತಿರುಪು ಬಿಗಿದರೆ ಒತ್ತಡದಿಂದಲೇ ನಿಲ್ಲುತ್ತದೆ. ಗೋಡೆಗೆ ತೂತು ಬೇಡ, ಅದೇ ಇದರ ಅನುಕೂಲ. ಆದರೆ ಇದು ಮೆಟ್ಟಿಲ ತುದಿಗೆ ಸಲ್ಲದು. ಮಗು ದಿನಾ ಹಿಡಿದು ಅಲ್ಲಾಡಿಸಿದರೆ ಒತ್ತಡ ಸಡಿಲವಾಗುತ್ತದೆ, ಗೇಟು ಇಡಿಯಾಗಿ ಮಗುವಿನೊಡನೆ ಕೆಳಗೆ ಬರಬಹುದು. ಇನ್ನೊಂದು ತೊಂದರೆ, ಅದರ ಚೌಕಟ್ಟಿನ ಕೆಳಪಟ್ಟಿ ನೆಲದ ಮೇಲೆ ಅಡ್ಡವಾಗಿ ಇರುತ್ತದೆ. ತಲೆಯ ಮೇಲೆ ಮೂಟೆ ಹೊತ್ತವರು ಅದನ್ನು ಕಾಣುವುದಿಲ್ಲ, ಎಡವುತ್ತಾರೆ. ಮೆಟ್ಟಿಲ ಬುಡಕ್ಕೆ, ಅಡುಗೆಮನೆಯ ಬಾಗಿಲಿಗೆ ಮಾತ್ರ ಇದು ಆಗಬಹುದು, ಅದೂ ಎರಡೂ ಕಡೆ ಗಟ್ಟಿ ಗೋಡೆ ಇದ್ದರೆ.

ಎರಡನೆಯದು, ತಿರುಪು ಮೊಳೆ ಹಾಕಿ ಬಿಗಿಯುವ ಗೇಟು. ಒಂದು ಕಡೆ ಕೀಲು, ಇನ್ನೊಂದು ಕಡೆ ಚಿಲಕ, ನಮ್ಮ ಸಾಧಾರಣ ಬಾಗಿಲಿನ ಹಾಗೆ. ಕೆಳಗೆ ಅಡ್ಡಪಟ್ಟಿ ಇರುವುದಿಲ್ಲ. ಮೆಟ್ಟಿಲ ತುದಿಗೆ ಇದೇ ಸರಿಯಾದದ್ದು. ಇದರಲ್ಲಿ ಎರಡು ಮಾತಿಲ್ಲ.

ಮೂರನೆಯದು, ಸುರುಳಿ ಸುತ್ತುವ ಬಲೆಬಟ್ಟೆಯ ಗೇಟು. ಬೇಕಾದಾಗ ಎಳೆದು ಎದುರಿನ ಕೊಕ್ಕೆಗೆ ಸಿಕ್ಕಿಸುವುದು, ಬೇಡವಾದಾಗ ಬಿಡುವುದು. ಜಾಗ ತಿನ್ನುವುದಿಲ್ಲ. ಇದನ್ನು ಕೊಳ್ಳುವಾಗ ಮೆಟ್ಟಿಲ ತುದಿಗೆ ಹಾಕಬಹುದು ಎಂದು ಪೆಟ್ಟಿಗೆಯ ಮೇಲೆ ಬರೆದಿದೆಯೇ ನೋಡಿ. ಬಲೆಯ ಕೆಳ ಅಂಚು ನೆಲಕ್ಕೆ ಹತ್ತಿರ ಬಿಗಿಯಾಗಿ ನಿಲ್ಲಬೇಕು, ಮಗು ಅದರಡಿಯಲ್ಲಿ ನುಸುಳಬಾರದು. ಬೆಕ್ಕು ನಾಯಿ ಕೆರೆದು ತೂತು ಮಾಡುವ ಮನೆಗೆ ಇದು ಬೇಡ.

ಇವಲ್ಲದೆ ಹಿಂದೆ ಮಡಿಚುವ ಹಂದರದ ಗೇಟುಗಳು ಬರುತ್ತಿದ್ದವು. ಎಳೆದರೆ ಹಿಗ್ಗುವುದು, ತಳ್ಳಿದರೆ ಕುಗ್ಗುವುದು. ಅದರ ಮೇಲಂಚಿನ ಇಕ್ಕಳದಂಥ ಸಂದಿಯಲ್ಲಿ, ನಡುವಿನ ವಜ್ರಾಕಾರದ ತೂತುಗಳಲ್ಲಿ ಮಗುವಿನ ಕುತ್ತಿಗೆ ಸಿಕ್ಕಿಕೊಳ್ಳುತ್ತದೆ. ಯಾರಾದರೂ ಹಳೆಯದನ್ನು ಕೊಟ್ಟರೂ ತೆಗೆದುಕೊಳ್ಳಬೇಡಿ.

ಯಾವುದನ್ನೇ ಕೊಳ್ಳಿ, ಮೊದಲು ಅಳತೆ ತೆಗೆಯಿರಿ. ಪೇಟೆಯ ಗೇಟು ಸಾಮಾನ್ಯವಾಗಿ ಸುಮಾರು 75ರಿಂದ 85 ಸೆಂಟಿಮೀಟರ್ ಅಗಲದ ಬಾಯಿಗೆ ಮಾಡಿದ್ದು. ಹೆಚ್ಚು ಅಗಲಕ್ಕೆ ಜೋಡುತುಂಡು ಬೇರೆ ಕೊಳ್ಳಬೇಕು. ನಮ್ಮ ಮನೆಗಳ ಗೋಡೆ ನೇರವಾಗಿರುವುದಿಲ್ಲ. ಆದುದರಿಂದ ಒಂದೇ ಕಡೆ ಅಳೆದರೆ ಸಾಲದು. ನೆಲದ ಹತ್ತಿರ ಒಂದು ಸಲ, ಮೊಣಕಾಲಿನ ಎತ್ತರಕ್ಕೆ ಒಂದು ಸಲ, ಸೊಂಟದ ಎತ್ತರಕ್ಕೆ ಒಂದು ಸಲ, ಹೀಗೆ ಮೂರು ಅಳತೆ ಬರೆದುಕೊಳ್ಳಿ. ಗೋಡೆಯ ಬುಡದಲ್ಲಿ ಕೂರಿಸಿದ ಕಲ್ಲಿನ ಪಟ್ಟಿ ಮುಂದಕ್ಕೆ ಬಂದಿದ್ದರೆ ಅದನ್ನೂ ಬರೆಯಿರಿ. ಮೂರರಲ್ಲಿ ಕಡಿಮೆ ಅಳತೆಗೆ ಗೇಟು ಹಿಡಿಸಬೇಕು, ಹೆಚ್ಚು ಅಳತೆ ಇರುವಲ್ಲಿ ಸಂದಿ ಉಳಿಯಬಾರದು.

ಈಗ ಗಂಟಿನ ಜಾಗಕ್ಕೆ ಬರೋಣ. ಪೇಟೆಯ ಗೇಟು ನಿಮ್ಮ ಮೆಟ್ಟಿಲಿಗೆ ಕೂರುವುದೇ ಇಲ್ಲ ಅಂದರೆ ಏನು ಮಾಡುವುದು? ಒಂದೊಂದಾಗಿ ನೋಡೋಣ.

ಮಣ್ಣಿನ ಗೋಡೆ ಇದ್ದರೆ ಅದಕ್ಕೆ ನೇರವಾಗಿ ತಿರುಪು ಹಾಕಬೇಡಿ. ಇವತ್ತು ನಿಂತ ತಿರುಪು ನಾಳೆ ಮಣ್ಣಿನ ಸಮೇತ ಬರುತ್ತದೆ. ಗೋಡೆಗೆ ಒತ್ತಿಕೊಂಡಂತೆ ನೆಲದಿಂದ ಮೇಲಿನ ತೊಲೆಯವರೆಗೆ ಒಂದು ಮರದ ಕಂಬ ನಿಲ್ಲಿಸಿ. ಮೇಲೆ ತೊಲೆಗೆ, ಕೆಳಗೆ ನೆಲಕ್ಕೆ ಅಥವಾ ಹಲಗೆಗೆ ಭದ್ರ ಮಾಡಿ. ಆ ಕಂಬಕ್ಕೆ ಕೀಲು ಹೊಡೆಯಿರಿ. ಭಾರವನ್ನು ತೊಲೆ ಹೊರುತ್ತದೆ, ಗೋಡೆ ಹೊರುವುದಿಲ್ಲ.

ಗುಂಡುಕಂಬ ಇದ್ದರೆ ಕೆತ್ತನೆಯ ಕಂಬವನ್ನು ತೂತು ಮಾಡುವ ಅಗತ್ಯವಿಲ್ಲ. ನೀರಿನ ಪೈಪನ್ನು ಹಿಡಿದಿಡುವಂಥ ಕಬ್ಬಿಣದ ಪಟ್ಟಿ ಅಥವಾ ಯು ಬೋಲ್ಟಿನಿಂದ ಮೇಲೆ ಕೆಳಗೆ ಎರಡು ಕಡೆ ಒಂದು ಚಪ್ಪಟೆ ಮರದ ತುಂಡನ್ನು ಕಂಬಕ್ಕೆ ಬಿಗಿಯಿರಿ. ಕಂಬಕ್ಕೂ ಪಟ್ಟಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟರೆ ಜಾರುವುದಿಲ್ಲ, ಗಾಯವೂ ಆಗುವುದಿಲ್ಲ. ಗೇಟಿನ ಕೀಲು ಆ ಚಪ್ಪಟೆ ತುಂಡಿಗೆ ಬರುತ್ತದೆ.

ಮೆಟ್ಟಿಲ ತುದಿಯಲ್ಲಿ ಜಾಗವೇ ಇಲ್ಲ, ಒಂದೂವರೆ ಅಡಿಗೆ ಕೋಣೆಯ ಗೋಡೆ ಬಂದುಬಿಡುತ್ತದೆ ಅನ್ನಿ. ಎರಡೂವರೆ ಅಡಿ ಗೇಟು ಒಳಕ್ಕೆ ತೆರೆಯುವುದಿಲ್ಲ. ಅಲ್ಲಿ ಹೊರಕ್ಕೆ ತೆರೆಯುವ ಗೇಟು ಮಾಡಿಸುವ ಆಸೆ ಬೇಡ. ಜೋಡಿ ಬಾಗಿಲಿನಂತೆ ಎರಡು ಎಸಳಿನ ಗೇಟು ಮಾಡಿಸಿ. ಒಂದೊಂದು ಎಸಳು ಒಂದೂಕಾಲು ಅಡಿ ಆಗುವುದರಿಂದ ಒಳಕ್ಕೆ ತಿರುಗುತ್ತದೆ. ಎಸಳುಗಳು ಮೆಟ್ಟಿಲ ಕಡೆ ಹೋಗದಂತೆ ಕಂಬಗಳಿಗೆ ಒಂದೊಂದು ತಡೆಪಟ್ಟಿ ಹೊಡೆಸಿ. ಒಂದು ಎಸಳಿಗೆ ನೆಲಕ್ಕಿಳಿಯುವ ಚಿಲಕ, ಇನ್ನೊಂದನ್ನು ಅದಕ್ಕೆ ಸೇರಿಸುವ ಚಿಲಕ ಬೇಕು. ಇದೂ ಆಗದಿದ್ದರೆ ತುದಿಯ ಗೇಟನ್ನೇ ಬಿಟ್ಟು, ಮಗು ಮಲಗುವ ಕೋಣೆಯ ಬಾಗಿಲಿಗೆ ಗೇಟು ಹಾಕಿ. ಮೆಟ್ಟಿಲಿಗೇ ಹಾಕಬೇಕೆಂಬ ಹಟ ಯಾಕೆ? ಮಗು ಮೆಟ್ಟಿಲಿಗೆ ಹೋಗದಿದ್ದರೆ ಸರಿ.

ಒಂದು ಪಕ್ಕ ಬಯಲಾಗಿರುವ ಮೆಟ್ಟಿಲು. ಇಲ್ಲಿ ಬಹಳ ಜನ ಗೇಟು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಮಗು ಗೇಟಿನ ಪಕ್ಕಕ್ಕೆ ಹೋಗಿ ಎರಡನೆಯ ಮೆಟ್ಟಿಲನ್ನು ಬದಿಯಿಂದ ಹತ್ತುತ್ತದೆ. ಮೇಲೆ ಅಟ್ಟದ ಬಾಯಿಯ ಮೂರು ಬದಿ ತೆರೆದಿದ್ದರೆ ಗೇಟು ಒಂದು ಬದಿಗೆ ಮಾತ್ರ ಕಾವಲು. ಆದುದರಿಂದ ಮೊದಲು ಬದಿಗೆ ನಿಂತ ಪಟ್ಟಿಗಳ ಕಟಕಟೆ ಹಾಕಿಸಿ, ಆಮೇಲೆ ಗೇಟಿನ ಮಾತು. ಕೈಯಲ್ಲಿ ಹಣ ಇಲ್ಲದಿದ್ದರೆ ಸದ್ಯಕ್ಕೆ ಬಿದಿರಿನ ಚೌಕಟ್ಟು ಕಟ್ಟಿ ಅದಕ್ಕೆ ಗಟ್ಟಿ ಬಲೆಯನ್ನು ಒಂದೊಂದು ಗೇಣಿಗೆ ಒಂದರಂತೆ ಬಿಗಿದು ಕಟ್ಟಬಹುದು. ತಂತಿಯ ಮೊನೆ ಹೊರಕ್ಕೆ ಮಡಿಚಿರಲಿ, ಹಗ್ಗದ ತುದಿ ಜೋಲಾಡುತ್ತಿರಬಾರದು, ಮಗುವಿನ ಕುತ್ತಿಗೆಗೆ ಅದು ಉರುಳಾಗುತ್ತದೆ. ಇದು ಒಂದು ಬೆಳೆಯ ಕಾಲದ ಏರ್ಪಾಡು ಮಾತ್ರ, ಬಿಸಿಲು ಬಿದ್ದ ಬಲೆ ಬೇಗ ಲಡ್ಡಾಗುತ್ತದೆ.

ಇನ್ನು ಏಣಿ. ಏಣಿ ಇದ್ದವರು ಎಲ್ಲರಿಗಿಂತ ಪುಣ್ಯವಂತರು, ಗೇಟಿನ ಖರ್ಚೇ ಇಲ್ಲ. ಕೆಲಸ ಆದ ಮೇಲೆ ಏಣಿಯನ್ನು ತೆಗೆದು ಗೋಡೆಯ ಉದ್ದಕ್ಕೆ ಮಲಗಿಸಿ. ಅಟ್ಟದ ಬಾಯಿಗೆ ಹಿಂದೆ ಹಲಗೆಯ ಮುಚ್ಚಳ ಇರುತ್ತಿತ್ತು. ಅದು ಇನ್ನೂ ಇದ್ದರೆ ಕೀಲು ಸರಿಮಾಡಿಸಿ ಮುಚ್ಚಿಡಿ.

ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಅಡಿಕೆ ಬೆಳೆಗಾರರ ಮನೆ. ಮೆಟ್ಟಿಲ ತುದಿಗೆ ಪೇಟೆಯಿಂದ ತಂದ ಒತ್ತಿ ನಿಲ್ಲಿಸುವ ಗೇಟು ಹಾಕಿದ್ದರು. ಒಂದು ಕಡೆ ಸುಣ್ಣದ ಗೋಡೆ, ಇನ್ನೊಂದು ಕಡೆ ಗುಂಡುಕಂಬ. ಹನ್ನೊಂದು ತಿಂಗಳ ಹುಡುಗಿ ದಿನಾ ಅದನ್ನು ಹಿಡಿದು ಕುಣಿಯುತ್ತಿತ್ತು. ಸುಣ್ಣ ಉದುರಿ ರಬ್ಬರು ಜಾರುತ್ತಾ ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಸಂಜೆ ಗೇಟು ಮೇಲುಗಡೆಯಿಂದ ಹೊರಕ್ಕೆ ಬಾಗಿತು. ಮಗುವಿನ ಅಕ್ಕ, ಆರು ವರ್ಷದವಳು, ಲಂಗದ ಚುಂಗು ಹಿಡಿದು ಎಳೆದಳು. ಕೂಸು ಉಳಿಯಿತು, ಗೇಟು ಹನ್ನೊಂದು ಮೆಟ್ಟಿಲು ಉರುಳಿ ಕೆಳಗೆ ಬಂತು. ಮರುದಿನವೇ ಆ ಮನೆಯ ಯಜಮಾನರು ಬಡಗಿಯನ್ನು ಕರೆಸಿದರು. ತೊಲೆಯವರೆಗೆ ಕಂಬ ನಿಂತಿತು, ಗೇಟು ಕೂತಿತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆ ಆ ಮನೆಗೆ ಒಂದು ಗೇಣಿನಲ್ಲಿ ತಪ್ಪಿತು. ಆರು ವರ್ಷದ ಅಕ್ಕ ಎಲ್ಲ ಮನೆಯಲ್ಲೂ, ಎಲ್ಲ ಹೊತ್ತಿನಲ್ಲೂ ಪಕ್ಕದಲ್ಲಿರುವುದಿಲ್ಲ.

ಬಡಗಿಯಿಂದ ಗೇಟು ಮಾಡಿಸುವವರಿಗೆ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ.

ಎತ್ತರ 75 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿ ಇರಲಿ. ಪಟ್ಟಿಗಳೆಲ್ಲ ನಿಂತ ಪಟ್ಟಿಗಳೇ ಆಗಬೇಕು, ಉಣುಗೋಲಿನಂತೆ ಅಡ್ಡ ಪಟ್ಟಿ ಬೇಡ. ಕರು ಅಡ್ಡಗಳವನ್ನು ಹತ್ತುವುದಿಲ್ಲ, ಕೂಸು ಹತ್ತುತ್ತದೆ. ಅಡ್ಡಪಟ್ಟಿ ಮೇಲೊಂದು ಕೆಳಗೊಂದು, ಎರಡೇ ಸಾಕು. ಪಟ್ಟಿಯಿಂದ ಪಟ್ಟಿಗೆ ಸಂದಿ 6 ಸೆಂಟಿಮೀಟರ್ ಮೀರಬಾರದು. ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವುದೇ ಇಲ್ಲಿನ ಅಪಾಯ. ದೊಡ್ಡವರ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳನ್ನು ಜೋಡಿಸಿ ನೋಡಿ, ಆ ಅಗಲ ಸಂದಿಯಲ್ಲಿ ತೂರಬಾರದು. ಗೇಟಿನ ಕೆಳಗೆ ನೆಲಕ್ಕೂ ಅದಕ್ಕೂ ಎರಡು ಬೆರಳಿನಷ್ಟು ಮಾತ್ರ ಜಾಗ ಇರಲಿ.

ಬಾಯಿ 81 ಸೆಂಟಿಮೀಟರ್ ಇದೆ ಅನ್ನೋಣ. ಗೇಟು 80 ಸೆಂಟಿಮೀಟರ್ ಇರಲಿ. ಎರಡು ಪಕ್ಕದ ಚೌಕಟ್ಟಿನ ಮರ 4 ಸೆಂಟಿಮೀಟರಿನಂತೆ 8 ಹೋದರೆ ಒಳಗೆ 72 ಉಳಿಯಿತು. ಎರಡೂವರೆ ಸೆಂಟಿಮೀಟರ್ ಅಗಲದ 8 ರೀಪು ಹಾಕಿದರೆ 20 ಹೋಯಿತು. ಉಳಿದ 52 ಸೆಂಟಿಮೀಟರು 9 ಸಂದಿಗಳಿಗೆ ಹಂಚಿದರೆ ಒಂದೊಂದು ಸಂದಿ 5.8 ಸೆಂಟಿಮೀಟರಿಗಿಂತ ಕಡಿಮೆ ಬರುತ್ತದೆ. ಏಳೇ ರೀಪು ಹಾಕಿ ಉಳಿತಾಯ ಮಾಡುತ್ತೇನೆ ಎಂದರೆ ಸಂದಿ 6.8 ಆಗುತ್ತದೆ. ಒಂದು ರೀಪಿನಲ್ಲಿ ಜಿಪುಣತನ ಬೇಡ.

ಮರ ಯಾವುದಾದರೂ ಆಗಲಿ, ಒಣಗಿದ ಮರ ಆಗಿರಲಿ. ಹಸಿಮರ ಬೇಸಿಗೆಯಲ್ಲಿ ಸೊಟ್ಟಗಾಗಿ ಚಿಲಕ ಬೀಳದ ಹಾಗಾಗುತ್ತದೆ. ಅಡಿಕೆ ದಬ್ಬೆ ಮನೆಯಲ್ಲೇ ಇದೆ ಎಂದು ಅದನ್ನೇ ಹೊಡೆಯುವವರು ಸಿಬಿರು ಏಳದಂತೆ ಚೆನ್ನಾಗಿ ಕೆತ್ತಿ ಮರಳು ಕಾಗದ ಉಜ್ಜಿಸಿ. ಮಗು ಗೇಟನ್ನು ಹಿಡಿಯುವುದಷ್ಟೇ ಅಲ್ಲ, ಹಲ್ಲು ಬರುವ ಕಾಲದಲ್ಲಿ ಅದನ್ನು ಕಚ್ಚುತ್ತದೆ. ಆದುದರಿಂದ ಗೆದ್ದಲಿಗೆಂದು ಕೀಟನಾಶಕ, ಗೇರೆಣ್ಣೆ, ಯಂತ್ರದ ಸುಟ್ಟ ಎಣ್ಣೆ ಇವನ್ನು ಗೇಟಿಗೆ ಬಳಿಯಲೇಬೇಡಿ. ಬಣ್ಣ ಹೊಡೆಯುವುದಾದರೆ ಅಟ್ಟದ ಮೂಲೆಯ ಹಳೆಯ ಡಬ್ಬಿ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚಿರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿದೆ. ಸೀಸ ಮಗುವಿನ ಮಿದುಳಿಗೆ ವಿಷ. ಆ ವಿಷಯ ಡಬ್ಬಿಯ ಮೇಲೆ ಬರೆದಿರುವ ಹೊಸ ಬಣ್ಣವನ್ನೇ ಕೇಳಿ ತನ್ನಿ.

ಚಿಲಕದ ವಿಷಯದಲ್ಲಿ ಒಂದು ಮಾತು. ಹೊಲದ ಮನೆಯಲ್ಲಿ ಯಾರೂ ಬರೀಗೈಲಿ ಮೆಟ್ಟಿಲು ಹತ್ತುವುದಿಲ್ಲ. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಮಗು ಇರುತ್ತದೆ. ಆದುದರಿಂದ ಚಿಲಕ ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ಹಾಗೆಂದು ಮಗುವಿಗೆ ಬರುವಂತೆಯೂ ಇರಬಾರದು. ಎತ್ತಿ ಸರಿಸುವ ಚಿಲಕವನ್ನು ಗೇಟಿನ ಹೊರಮೈಗೆ, ಮೇಲ್ತುದಿಗೆ ಹೊಡೆಸಿ. ಎರಡು ಕೈ ಬೇಕಾಗುವ ಚಿಲಕವನ್ನು ಮೂರು ದಿನ ಹಾಕುತ್ತಾರೆ, ನಾಲ್ಕನೆಯ ದಿನದಿಂದ ಗೇಟು ತೆರೆದೇ ಇರುತ್ತದೆ. ತೆರೆದಿಟ್ಟ ಗೇಟು ಇಲ್ಲದ ಗೇಟಿಗಿಂತ ಕೆಟ್ಟದ್ದು, ಗೇಟಿದೆಯಲ್ಲ ಎಂಬ ನಂಬಿಕೆಯಿಂದ ಕಣ್ಣೂ ಮಲಗಿರುತ್ತದೆ.

ಗೇಟು ಕೂತ ಮೇಲೆ ಪರೀಕ್ಷೆ ಮಾಡಿ. ಮಗು ಇರುವ ಕಡೆಯಿಂದ ನಡುವೆ, ಮೇಲ್ತುದಿಯಲ್ಲಿ ಎರಡೂ ಕೈಯಿಂದ ಬಲವಾಗಿ ತಳ್ಳಿ, ಎಳೆಯಿರಿ. ಅಲುಗಿದರೆ ಬಡಗಿಯನ್ನು ಅಲ್ಲಿಯೇ ನಿಲ್ಲಿಸಿಕೊಂಡು ಸರಿಮಾಡಿಸಿ. ಆಮೇಲೆ ವಾರಕ್ಕೊಂದು ಸಲ, ಸಂತೆಯ ದಿನ ಅಂತ ಇಟ್ಟುಕೊಳ್ಳಿ, ತಿರುಪುಗಳನ್ನು ನೋಡಿ. ಗೇಟಿನ ಬಳಿ ಮೂಟೆ, ಮಣೆ, ಮೊರ, ಕೊಡ ಇಡಬೇಡಿ, ಅದು ಮಗುವಿಗೆ ಮೆಟ್ಟಿಲಾಗುತ್ತದೆ. ದೊಡ್ಡವರು ಗೇಟನ್ನು ದಾಟಿ ಹೋಗುವ ಅಭ್ಯಾಸ ಬೇಡ. ಸೀರೆ ಪಂಚೆ ಸಿಕ್ಕಿ ಬೀಳುವವರು ಅವರೇ, ನೋಡಿ ಕಲಿಯುವುದು ಮಗು. ಸಾಮಾನ್ಯವಾಗಿ ಎರಡು ವರ್ಷದವರೆಗೆ ಗೇಟಿನ ಕಾಲ. ಮಗು ಅದನ್ನು ಹತ್ತಲು ಅಥವಾ ಚಿಲಕ ತೆಗೆಯಲು ಕಲಿತ ದಿನವೇ ಗೇಟು ತೆಗೆಯಿರಿ. ಹತ್ತಿ ಬೀಳುವ ಎತ್ತರ ಆಗ ಇನ್ನೂ ಎರಡೂವರೆ ಅಡಿ ಹೆಚ್ಚು. ಈ ಮಧ್ಯೆ ಮಗುವಿಗೆ ಹಿಂದಕ್ಕೆ ತಿರುಗಿ, ಹೊಟ್ಟೆ ಕೆಳಗಾಗಿ, ಕಾಲು ಮೊದಲಾಗಿ ಇಳಿಯುವುದನ್ನು ದಿನಾ ಜೊತೆಯಲ್ಲಿ ಕೂತು ಕಲಿಸಿ.

ಇಷ್ಟು ಹೇಳಿ ನನ್ನ ಇಲಾಖೆಯ ಮಾತು ಹೇಳದಿದ್ದರೆ ಆಗುವುದಿಲ್ಲ. ನಿಮ್ಮ ಅಟ್ಟದ ಮೇಲೆ ಏನಿದೆ? ಉಳಿದ ಕೀಟನಾಶಕದ ಬಾಟಲಿ, ಕಳೆನಾಶಕ, ವಿಷ ಬೆರೆಸಿದ ಬಿತ್ತನೆ ಬೀಜ, ಇಲಿ ಪಾಷಾಣ. ಬಿತ್ತನೆ ಬೀಜದ ಬಣ್ಣ ನೋಡಿ ಮಗು ಮಿಠಾಯಿ ಎಂದುಕೊಳ್ಳುತ್ತದೆ. ಗೇಟಿದೆ ಎಂದು ಇವನ್ನು ಬಿಡಿಯಾಗಿ ಇಡಬೇಡಿ. ಬೀಗ ಹಾಕುವ ಪೆಟ್ಟಿಗೆಯಲ್ಲಿ, ಅವುಗಳದೇ ಡಬ್ಬಿಯಲ್ಲಿ, ವಾಸದ ಮನೆಯಿಂದ ಬೇರೆಯಾಗಿ ಇಡಿ. ಧಾನ್ಯಕ್ಕೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಜನ ಮಲಗುವ ಮನೆಯಲ್ಲಿ ಇಡಲೇಬಾರದು. ತೇವ ತಗುಲಿದರೆ ಅದು ಕೊಲ್ಲುವ ಅನಿಲ ಬಿಡುತ್ತದೆ.

ಎಷ್ಟು ಎಚ್ಚರವಿದ್ದರೂ ಮಗು ಬಿದ್ದರೆ ಏನು ಮಾಡಬೇಕು? ಹೌಹಾರಿ ಮಗುವನ್ನು ಅಲುಗಿಸಬೇಡಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಗಾಯಕ್ಕೆ ಕಾಫಿಪುಡಿ, ಸುಣ್ಣ ತುಂಬಬೇಡಿ. ಮಗು ಎಚ್ಚರ ತಪ್ಪಿದರೆ, ಸೆಟೆದುಕೊಂಡು ಫಿಟ್ಸ್ ಬಂದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಮೂಗು ಕಿವಿಯಲ್ಲಿ ರಕ್ತ ಅಥವಾ ನೀರಿನಂಥ ದ್ರವ ಬಂದರೆ, ಸಮಾಧಾನವಾಗದೆ ಅಳುತ್ತಲೇ ಇದ್ದರೆ ತಡಮಾಡದೆ 108ಕ್ಕೆ ಫೋನು ಮಾಡಿ. ಒಂದು ವರ್ಷ ತುಂಬದ ಕೂಸು ಬಿದ್ದು ತಲೆಗೆ ಪೆಟ್ಟಾದರೆ, ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಮೇಲಿನಿಂದ ಬಿದ್ದರೆ, ಆಡುತ್ತಿದ್ದರೂ ವೈದ್ಯರಿಗೆ ತೋರಿಸಿಬಿಡಿ. "ಏನೂ ಆಗಿಲ್ಲ, ದೃಷ್ಟಿ ತೆಗೆದರೆ ಸಾಕು" ಎನ್ನಬೇಡಿ. ದೃಷ್ಟಿ ಬೇಕಾದರೆ ತೆಗೆಯಿರಿ, ಆದರೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ.

ಬಾಂಧವರೇ, ಹೇಳಿದ್ದನ್ನು ಕಟ್ಟಿ ಕೊಡುತ್ತೇನೆ. ಮೆಟ್ಟಿಲ ತುದಿಗೆ ತಿರುಪು ಹಾಕಿದ ಗೇಟು, ಅದು ಒಳಕ್ಕೇ ತೆರೆಯಬೇಕು. ಎತ್ತರ ಎರಡೂವರೆ ಅಡಿ, ನಿಂತ ಪಟ್ಟಿ, ಸಂದಿ 6 ಸೆಂಟಿಮೀಟರಿನ ಒಳಗೆ. ಮಣ್ಣುಗೋಡೆಗೆ ಕಂಬ, ಬಯಲು ಬದಿಗೆ ಕಟಕಟೆ, ಏಣಿಗೆ ಗೇಟು ಬೇಡ, ತೆಗೆದಿಡುವುದೇ ಮದ್ದು. ಮಳೆಗಾಲದ ಕೆಲಸ ಶುರುವಾದ ಮೇಲೆ ನಿಮಗೂ ಪುರಸೊತ್ತಿರುವುದಿಲ್ಲ, ಊರಿನ ಆಚಾರಿಗೂ ನೇಗಿಲು ಗುದ್ದಲಿಗಳ ಕೆಲಸ ಮುತ್ತಿಕೊಳ್ಳುತ್ತದೆ. ಅಂಬೆಗಾಲಿಡುವ ಕೂಸು ಇರುವವರು ಈ ವಾರವೇ ಟೇಪು ಹಿಡಿದು ಮೆಟ್ಟಿಲ ಬಾಯಿಯನ್ನು ಮೂರು ಕಡೆ ಅಳೆದು ಆಚಾರಿಯ ಕೈಗೆ ಚೀಟಿ ಕೊಡಿ.